ಬೇಡ ಅನ್ನಬಲ್ಲ ಗೈಡ್

1804ರ ಸೆಪ್ಟೆಂಬರ್ 7ನೇ ತಾರೀಕು. ಇವತ್ತಿನ ನೆಬ್ರಾಸ್ಕಾ ರಾಜ್ಯದ ಉತ್ತರದ ಅಂಚಿನಲ್ಲಿ, ಮಿಸೌರಿ ನದಿಗೆ ಹತ್ತಿರದ ಒಂದು ಗುಡ್ಡದ ಬಳಿ, ಅಮೆರಿಕದ ಸೈನಿಕರ ತಂಡವೊಂದು ನೀರು ಹೊತ್ತು ತಂದು ತಂದು ಬಿಲವೊಂದಕ್ಕೆ ಸುರಿಯುತ್ತಿತ್ತು. ಒಂದೆರಡು ಬಕೆಟ್ ಅಲ್ಲ, ಐದು ಪೀಪಾಯಿ. ಇನ್ನೊಂದು ಬಿಲವನ್ನ ಆರಡಿ ಅಗೆದು, ಕೋಲು ಇಳಿಬಿಟ್ಟು ನೋಡಿದ್ದರು. ಅರ್ಧ ಆಳವೂ ಆಗಿರಲಿಲ್ಲ. ದಿನವೆಲ್ಲ ಒದ್ದಾಡಿದ ಮೇಲೆ ಒಂದೇ ಒಂದು ಪ್ರಾಣಿ ಜೀವಂತವಾಗಿ ಕೈಗೆ ಸಿಕ್ಕಿತು.

ಅದು ಪಶ್ಚಿಮದ ನೆಲವನ್ನ ನೋಡಿಕೊಂಡು ಬನ್ನಿ ಅಂತ ಅಧ್ಯಕ್ಷ ಜೆಫರ್ಸನ್ ಕಳಿಸಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ. ಸಿಕ್ಕಿದ ಪ್ರಾಣಿಗೆ ಲೂಯಿಸ್ ಇಟ್ಟ ಹೆಸರು 'ಬೊಗಳುವ ಅಳಿಲು'. ಹೆಸರು ಸರಿಯಾಗೇ ಇತ್ತು, ಆದರೆ ಉಳಿದುಕೊಂಡದ್ದು 'ಪ್ರೇರಿ ಡಾಗ್' ಅನ್ನೋದು. ನಾಯಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅಳಿಲಿನ ಕುಟುಂಬ, ಸುಮಾರು ಒಂದು ಕೆಜಿ ತೂಕ, ಬಿಲದ ಬಾಯಲ್ಲಿ ಎರಡು ಕಾಲಿನ ಮೇಲೆ ನಿಂತು ಸುತ್ತ ನೋಡುತ್ತೆ, ಅಪಾಯ ಕಂಡರೆ ಕೂಗಿ ಊರಿಗೆಲ್ಲ ಹೇಳುತ್ತೆ. 1805ರ ಏಪ್ರಿಲ್‌ನಲ್ಲಿ ತಂಡ ದೋಣಿಯಲ್ಲಿ ಕಳಿಸಿದ ಪ್ರಾಣಿಪಕ್ಷಿಗಳಲ್ಲಿ ಒಂದು ಪ್ರೇರಿ ಡಾಗ್ ಇತ್ತು. ನಾಲ್ಕು ತಿಂಗಳ ಪ್ರಯಾಣ ತಡೆದುಕೊಂಡು ಅದು ವಾಷಿಂಗ್ಟನ್ನಿನ ಅಧ್ಯಕ್ಷರ ಮನೆ ತಲುಪಿತು. ಆಮೇಲೆ ಅದನ್ನ ಫಿಲಡೆಲ್ಫಿಯಾದ ಪೀಲ್ ಮ್ಯೂಸಿಯಮ್ಮಿನಲ್ಲಿ ಜನ ನೋಡಿದರು.

ಅಧ್ಯಕ್ಷರ ಮನೆಗೆ ಅತಿಥಿಯಾಗಿ ಹೋದ ಪ್ರಾಣಿ, ನೂರು ವರ್ಷ ಕಳೆಯುವಷ್ಟರಲ್ಲಿ ಸರ್ಕಾರವೇ ವಿಷ ಹಾಕಿಸುವ ಪೀಡೆಯಾಯಿತು. ಇನ್ನೂ ಐವತ್ತು ವರ್ಷಕ್ಕೆ ವಾರಾಂತ್ಯದ ಗುರಿಯಾಟದ ಗುರಿಯಾಯಿತು. ಇವತ್ತು ದುಡ್ಡು ಕೊಟ್ಟರೆ ಅದನ್ನ ಹೊಡೆಸಲು ಕರೆದುಕೊಂಡು ಹೋಗುವ ಗೈಡ್‌ಗಳಿದ್ದಾರೆ. ಈ ಬದಲಾವಣೆ ಹೇಗಾಯ್ತು ಅನ್ನೋದನ್ನ ನಾನು ಒಂದಿಷ್ಟು ಓದಬೇಕಾಗಿ ಬಂದದ್ದು ನಮ್ಮ ಚಿಕ್ಕಮ್ಮನ ಮಗನ ದೆಸೆಯಿಂದ.

ಅವನು ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಂದು ದಿನ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬಂತು: "ಅಣ್ಣಾ, ಟೀಮಿನವರು ಪ್ರೇರಿ ಡಾಗ್ ಹಂಟಿಂಗ್‌ಗೆ ಕರೀತಿದಾರೆ. ನಂಗೆ ಫಸ್ಟ್ ಟೈಮ್. ಗೈಡ್ ಹುಡುಕೋ ಕೆಲಸ ನನ್ ತಲೆಗೇ ಕಟ್ಟಿದಾರೆ. ಯಾರು ಒಳ್ಳೆಯವ್ರು ಅಂತ ಹೆಂಗ್ ಗೊತ್ತಾಗತ್ತೆ? ನೀನು ಇಂಥವೆಲ್ಲ ಓದ್ತಿರ್ತೀಯಲ್ಲ."

ನಾನು ಓದೋದು ಇತಿಹಾಸ, ಬಂದೂಕು ಮುಟ್ಟಿದವನಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಹುಟ್ಟಿದ ನಮ್ಮಂಥವರಿಗೆ ಶಿಕಾರಿ ಅಂದ್ರೆ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳು, ಅಷ್ಟೇ. ಆದರೆ ಅವನ ಪ್ರಶ್ನೆ ಚೆನ್ನಾಗಿತ್ತು. ಗೈಡ್ ಅನ್ನೋ ಕಸುಬಿಗೂ ಅಲ್ಲಿ ಒಂದು ಇತಿಹಾಸ ಇದೆ. ಅದರಲ್ಲಿ ಯಾರು ಯಾರನ್ನ ಹೇಗೆ ಆರಿಸಿಕೊಂಡರು, ಏನಾಯ್ತು ಅಂತ ನೋಡಿದರೆ ಅವನ ಪ್ರಶ್ನೆಗೂ ಉತ್ತರ ಸಿಗುತ್ತೆ ಅನ್ನಿಸಿತು.

ಮೊದಲು ಎರಡು ಪದ. ಗೈಡ್ ಅಂದ್ರೆ ಬಯಲಿನಲ್ಲಿ ನಿಮ್ಮ ಪಕ್ಕ ನಿಲ್ಲುವವನು. ಔಟ್‌ಫಿಟರ್ ಅಂದ್ರೆ ಆ ವ್ಯವಹಾರದ ಯಜಮಾನ: ಜಮೀನಿನವರ ಹತ್ತಿರ ಮಾತಾಡಿ ಒಪ್ಪಿಗೆ ಪಡೆಯೋದು, ಗಾಡಿ, ವಸತಿ, ಊಟ, ಬಂದೂಕು ಇಟ್ಟು ಹೊಡೆಯುವ ಮೇಜು, ಎಲ್ಲ ಅವನದು. ಎಷ್ಟೋ ಕಡೆ ಎರಡೂ ಒಬ್ಬನೇ. 1840ರ ದಶಕದಲ್ಲಿ ಪಶ್ಚಿಮಕ್ಕೆ ಹೊರಟ ವಲಸೆಗಾರರಿಗೆ ಮಿಸೌರಿಯ ಇಂಡಿಪೆಂಡೆನ್ಸ್‌ನಂಥ ಊರುಗಳಲ್ಲಿ ಗಾಡಿ, ಎತ್ತು, ಹಿಟ್ಟು, ಉಪ್ಪು ಹಾಕಿದ ಮಾಂಸ ಎಲ್ಲ ಜೋಡಿಸಿ ಕೊಡುವ ವ್ಯಾಪಾರ ಇತ್ತು. ಔಟ್‌ಫಿಟ್ ಮಾಡಿಕೊಡೋದು ಅಂದ್ರೆ ಅದು. ಆ ವಲಸೆಗಾರರ ಮಟ್ಟಿಗೆ ಒಳ್ಳೆಯ ಗೈಡ್ ಅಂದ್ರೆ ಜೀವಂತ ತಲುಪಿಸುವವನು. ನೀರಿಲ್ಲದ ದಾರಿ ಹಿಡಿಯಬೇಡಿ, ಹಿಮ ಬೀಳುವ ಮೊದಲು ಬೆಟ್ಟ ದಾಟಿ ಅನ್ನುವವನು.

ಶಿಕಾರಿಗೆ ಅಂತಲೇ ಗೈಡ್ ಇಟ್ಟುಕೊಳ್ಳುವ ಶೋಕಿ ಬಂದಾಗ ಇದು ಬದಲಾಯಿತು. 1854ರಲ್ಲಿ ಸರ್ ಸೇಂಟ್ ಜಾರ್ಜ್ ಗೋರ್ ಅನ್ನುವ ಐರಿಷ್ ಶ್ರೀಮಂತ ಬಂದ. ನಲವತ್ತು ಚಿಲ್ಲರೆ ಆಳು, ನೂರಕ್ಕೂ ಹೆಚ್ಚು ಕುದುರೆ, ಹತ್ತಾರು ಬೇಟೆನಾಯಿ, ಸಾಲು ಸಾಲು ಗಾಡಿ. ಅವನು ಗೈಡ್ ಆಗಿ ಇಟ್ಟುಕೊಂಡದ್ದು ಜಿಮ್ ಬ್ರಿಡ್ಜರ್‌ನನ್ನು. ರಾಕಿ ಪರ್ವತಗಳ ದಾರಿಗಳು ಅಂಗೈ ಗೆರೆಯ ಹಾಗೆ ಗೊತ್ತಿದ್ದ ಮನುಷ್ಯ, ಓದು ಬರಹ ಬರುತ್ತಿರಲಿಲ್ಲ. ರಾತ್ರಿ ಊಟ ಆದಮೇಲೆ ಗೋರ್ ಅವನಿಗೆ ಷೇಕ್ಸ್‌ಪಿಯರ್ ಓದಿ ಹೇಳುತ್ತಿದ್ದ ಅಂತ ಕ್ಯಾಪ್ಟನ್ ಮಾರ್ಸಿ ಬರೆದಿದ್ದಾನೆ. ಕೇಳೋಕೆ ಚೆಂದ. ಸುಮಾರು ಮೂರು ವರ್ಷದ ಆ ಪ್ರವಾಸದ ಲೆಕ್ಕ ಅಂತ ಹೇಳುವ ಅಂಕಿ ಇದು: 2,000 ಬೈಸನ್, 1,600 ಎಲ್ಕ್ ಮತ್ತು ಜಿಂಕೆ, 105 ಕರಡಿ. ಅದನ್ನೇ ತಿಂದು ಬದುಕಬೇಕಾಗಿದ್ದ ಮೂಲನಿವಾಸಿಗಳು ದೂರು ಕೊಟ್ಟರು, ಸರ್ಕಾರದ ಏಜೆಂಟ್ ಮೇಲಿನವರಿಗೆ ಕಾಗದ ಬರೆದ. ಬ್ರಿಡ್ಜರ್ ದಾರಿ ತೋರಿಸುವ ಕೆಲಸವನ್ನ ಚೆನ್ನಾಗೇ ಮಾಡಿದ. ಎಷ್ಟು ಸಾಕು ಅಂತ ಹೇಳೋದು ಅವನ ಸಂಬಳದಲ್ಲಿ ಸೇರಿರಲಿಲ್ಲ.

ಮೂವತ್ತು ವರ್ಷ ಮುಂದೆ ಬನ್ನಿ. 1883ರ ಸೆಪ್ಟೆಂಬರ್. ನ್ಯೂಯಾರ್ಕಿನ 24ರ ಹುಡುಗ, ದಪ್ಪ ಕನ್ನಡಕ, ಡಕೋಟಾ ಸೀಮೆಯಲ್ಲಿ ರೈಲಿಳಿದು ಬೈಸನ್ ಹೊಡೀಬೇಕು ಅಂದ. ಹೆಸರು ಥಿಯೊಡರ್ ರೂಸ್‌ವೆಲ್ಟ್. ಗೈಡ್ ಆಗಿ ಸಿಕ್ಕಿದವನು ಜೋ ಫೆರಿಸ್, ಅವನಿಗೆ ಈ ಪಟ್ಟಣದ ಹುಡುಗನ ಮೇಲೆ ನಂಬಿಕೆ ಇರಲಿಲ್ಲ. ಮಳೆ ಶುರುವಾಯಿತು. ನಿಲ್ಲಲಿ, ಆಮೇಲೆ ಹೋಗೋಣ ಅಂತ ಫೆರಿಸ್ ಹೇಳಿದ. ಹುಡುಗ ಕೇಳಲಿಲ್ಲ. ದಿನಗಟ್ಟಲೆ ಕೆಸರಲ್ಲಿ ಅಲೆದು, ಗುರಿ ತಪ್ಪಿ, ಕುದುರೆ ಓಡಿಹೋಗಿ, ಕೊನೆಗೆ ಒಂದು ಬೈಸನ್ ಬಿತ್ತು. ರೂಸ್‌ವೆಲ್ಟ್ ಕುಣಿದಾಡಿ ಫೆರಿಸ್ ಕೈಗೆ ನೂರು ಡಾಲರ್ ಇಟ್ಟ. ಅಷ್ಟು ದಿನ ಯಾಕೆ ಬೇಕಾಯ್ತು ಅಂದ್ರೆ ಆ ಹೊತ್ತಿಗೆ ಬೈಸನ್ನೇ ಉಳಿದಿರಲಿಲ್ಲ. ಉತ್ತರದ ದೊಡ್ಡ ಹಿಂಡು ಅದೇ ವರ್ಷ ಹೆಚ್ಚೂಕಮ್ಮಿ ಮುಗಿದುಹೋಯಿತು.

ಇದು ಅವನ ತಲೆಯಲ್ಲಿ ಕೂತಿತು ಅಂತ ಕಾಣುತ್ತೆ. 1887ರ ಡಿಸೆಂಬರ್‌ನಲ್ಲಿ ರೂಸ್‌ವೆಲ್ಟ್ ಮತ್ತು ಗೆಳೆಯರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಬೇಟೆಗೆ ಧರ್ಮ ಬೇಕು, ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ನ್ಯಾಯವಾಗಿ ಇರಬೇಕು ಅನ್ನೋ 'ಫೇರ್ ಚೇಸ್' ಮಾತು ಅಮೆರಿಕದಲ್ಲಿ ಬೇರೂರಿದ್ದು ಇವರಿಂದ. ಮುಂದಿನ ವರ್ಷಗಳಲ್ಲಿ ಜಿಂಕೆಗೆ, ಎಲ್ಕ್‌ಗೆ ಸೀಸನ್ ಬಂತು, ಒಬ್ಬರಿಗೆ ಇಷ್ಟೇ ಅನ್ನೋ ಮಿತಿ ಬಂತು, ಲೈಸೆನ್ಸ್ ಬಂತು.

ಪ್ರೇರಿ ಡಾಗ್ ಮಾತ್ರ ಈ ಪಟ್ಟಿಗೆ ಸೇರಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇರೋದು ಇಲ್ಲೇ.

ಯಾಕೆ ಸೇರಲಿಲ್ಲ ಅಂದ್ರೆ ಒಂದು ಲೆಕ್ಕದಿಂದ. ಕೃಷಿ ಇಲಾಖೆಯ ಪ್ರಾಣಿಶಾಸ್ತ್ರಜ್ಞ ಸಿ. ಹಾರ್ಟ್ ಮೆರಿಯಮ್, 1901ರ ಇಲಾಖಾ ವಾರ್ಷಿಕ ಪುಸ್ತಕದಲ್ಲಿ ಈ ಪ್ರಾಣಿಯ ಬಗ್ಗೆ ಒಂದು ಲೇಖನ ಬರೆದ. ಟೆಕ್ಸಾಸ್‌ನಲ್ಲಿ ಸುಮಾರು 250 ಮೈಲಿ ಉದ್ದ, 100 ಮೈಲಿ ಅಗಲದ ಒಂದೇ ಕಾಲೊನಿ ಇದೆ, ಅದರಲ್ಲಿ 40 ಕೋಟಿ ಪ್ರೇರಿ ಡಾಗ್ ಇರಬಹುದು ಅಂದ. 256 ಪ್ರೇರಿ ಡಾಗ್ ತಿನ್ನುವ ಹುಲ್ಲು ಒಂದು ದನ ತಿನ್ನುವ ಹುಲ್ಲಿಗೆ ಸಮ ಅಂದ. ಗುಣಾಕಾರ ಭಾಗಾಕಾರ ಮಾಡಿದರೆ ಹದಿನೈದು ಲಕ್ಷ ದನದ ಮೇವು! ಎರಡೂ ಪ್ರಾಣಿ ಒಂದೇ ಹುಲ್ಲನ್ನ, ಒಂದೇ ಜಾಗದಲ್ಲಿ, ಒಂದೇ ರೀತಿ ತಿನ್ನುತ್ತವೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಬರಗಾಲದಲ್ಲಿ ದನದವರಿಗೆ ನಷ್ಟ ಆಗೋದು ನಿಜ. ಆದರೆ ಅವು ಮೇಯ್ದ ಜಾಗದಲ್ಲಿ ಮತ್ತೆ ಚಿಗುರುವ ಎಳೆ ಹುಲ್ಲು ಹೆಚ್ಚು ಪೌಷ್ಟಿಕ, ಬೈಸನ್‌ಗಳು ಅದನ್ನ ಹುಡುಕಿಕೊಂಡು ಬರುತ್ತವೆ ಅಂತ ಆಮೇಲಿನ ಸಂಶೋಧಕರು ತೋರಿಸಿದರು. ಅಷ್ಟರಲ್ಲಿ ಮೆರಿಯಮ್ ಲೆಕ್ಕ ತನ್ನ ಕೆಲಸ ಮಾಡಿಯಾಗಿತ್ತು. 1915ರ ಹೊತ್ತಿಗೆ ಫೆಡರಲ್ ಸರ್ಕಾರ ದುಡ್ಡು ಕೊಟ್ಟು ಸ್ಟ್ರಿಕ್ನಿನ್ ಬೆರೆಸಿದ ಧಾನ್ಯವನ್ನ ಬಿಲ ಬಿಲಕ್ಕೂ ಹಾಕಿಸತೊಡಗಿತು. ಪ್ರೇರಿ ಡಾಗ್‌ಗಳು ಒಂದು ಕಾಲಕ್ಕೆ ಹರಡಿದ್ದ ನೆಲದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಭಾಗದಿಂದ ಕಾಣೆಯಾದವು.

ಇಂಗ್ಲಿಷಿನಲ್ಲಿ 'ವಾರ್ಮಿಂಟ್' ಅಂತ ಒಂದು ಹಳ್ಳಿ ಮಾತಿದೆ. ಪೀಡೆ, ಕಾಟದ ಪ್ರಾಣಿ ಅಂತ ಅರ್ಥ. ಆ ಹೆಸರು ಅಂಟಿದ ಪ್ರಾಣಿಗೆ ಬೇಟೆಯ ಧರ್ಮ ಅನ್ವಯಿಸಲ್ಲ. ಅದೇ ಹೆಸರಿನ ಮೇಲೆ ಒಂದು ಬಂದೂಕಿನ ಮಾರುಕಟ್ಟೆಯೂ ಬೆಳೆಯಿತು. 1935ರಲ್ಲಿ ವಿಂಚೆಸ್ಟರ್ ಕಂಪನಿ ತಂದ .220 ಸ್ವಿಫ್ಟ್, 1950ರಲ್ಲಿ ರೆಮಿಂಗ್ಟನ್ ತಂದ .222: ಸಣ್ಣ ಗುಂಡು, ಭಯಂಕರ ವೇಗ, ದೂರದ ಸಣ್ಣ ಗುರಿಗೆ ಅಂತಲೇ ಮಾಡಿದ್ದು. ಮೊದಲು ವಿಷಕ್ಕೆ ಖರ್ಚು ಮಾಡುತ್ತಿದ್ದ ಜಮೀನಿನ ಯಜಮಾನ, ಈಗ ಹೊಡೆಯಲು ಬಂದವರ ಹತ್ತಿರವೇ ದುಡ್ಡು ತೊಗೊಳ್ಳಬಹುದಾಯಿತು. ಪ್ರೇರಿ ಡಾಗ್ ಔಟ್‌ಫಿಟರ್ ಅನ್ನುವ ವ್ಯವಹಾರ ಹುಟ್ಟಿದ್ದು ಈ ಜಾಗದಲ್ಲಿ. 1990ರ ಜುಲೈನಲ್ಲಿ ಕೊಲೊರಾಡೊದ ನ್ಯೂಕ್ಲಾ ಅನ್ನೋ ಪುಟ್ಟ ಊರು ಪ್ರೇರಿ ಡಾಗ್ ಹೊಡೆಯುವ ಸ್ಪರ್ಧೆಯನ್ನೇ ಇಟ್ಟಿತು. ಬಂದೂಕಿನವರ ಜೊತೆ ಪ್ರತಿಭಟನೆಯವರೂ, ಟಿವಿಯವರೂ ಬಂದು ಊರು ದೇಶಕ್ಕೆಲ್ಲ ಸುದ್ದಿಯಾಯಿತು.

ಇಷ್ಟು ಓದಿದ ಮೇಲೆ ತಮ್ಮನಿಗೆ ನಾನು ಹೇಳಿದ್ದು ಇದನ್ನ: ಜಿಂಕೆ ಬೇಟೆಗೆ ಹೋದರೆ ಗೈಡ್ ಕೆಟ್ಟವನಾದರೂ ಕಾನೂನು ಅವನ ಕೈ ಹಿಡಿಯುತ್ತೆ. ಇಷ್ಟೇ ದಿನ, ಇಷ್ಟೇ ಸಂಖ್ಯೆ. ಪ್ರೇರಿ ಡಾಗ್ ವಿಷಯದಲ್ಲಿ ಬಹಳ ಕಡೆ ಕಾನೂನು ಸುಮ್ಮನಿದೆ. ಅಲ್ಲಿ ಗೈಡೇ ಕಾನೂನು. ಹಾಗಾಗಿ ಎಷ್ಟು ಹೊಡೆಸ್ತೀರ ಅಂತ ಕೇಳಬೇಡ, ಯಾವುದಕ್ಕೆ ಬೇಡ ಅಂತೀರ ಅಂತ ಕೇಳು.

ಏನೇನು ಕೇಳಬೇಕು ಅಂತ ಒಂದೊಂದಾಗಿ ಕೂತು ಬರೆದೆವು.

ಮೊದಲನೆಯದು, ಯಾವ ಜಾತಿ, ಯಾರ ಜಮೀನು. ಪ್ರೇರಿ ಡಾಗ್‌ಗಳಲ್ಲಿ ಐದು ಜಾತಿ. ಔಟ್‌ಫಿಟರ್‌ಗಳ ವ್ಯವಹಾರ ಹೆಚ್ಚಾಗಿ ಕಪ್ಪು ಬಾಲದ ಜಾತಿಯ ಮೇಲೆ. ಯೂಟಾ ರಾಜ್ಯದ ನೈಋತ್ಯದಲ್ಲಿ ಮಾತ್ರ ಇರುವ ಯೂಟಾ ಪ್ರೇರಿ ಡಾಗ್ 1973ರಿಂದಲೂ ಫೆಡರಲ್ ರಕ್ಷಣೆಯ ಪಟ್ಟಿಯಲ್ಲಿದೆ. ಅದನ್ನ ಸುಮ್ಮನೆ ಹೊಡೆದರೆ ಕೇಸು. ಜಮೀನು ಖಾಸಗಿಯೋ, ಸರ್ಕಾರದ್ದೋ, ಬುಡಕಟ್ಟಿನ ರಿಸರ್ವೇಷನ್ನೋ ಅನ್ನೋದರ ಮೇಲೆ ನಿಯಮ ಬೇರೆ ಬೇರೆ. ಬುಡಕಟ್ಟಿನ ನೆಲವಾದರೆ ಅವರ ಸರ್ಕಾರದ ಪರವಾನಗಿ ಬೇಕು. ನಕ್ಷೆ ತೆಗೆದು ತೋರಿಸದ ಗೈಡ್ ಜೊತೆ ಹೋಗಬಾರದು.

ಎರಡನೆಯದು, ಯಾವ ತಿಂಗಳು. ಇವು ಇಲಿ ಥರ ಹುಟ್ಟುತ್ತಲೇ ಇರುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸೌತ್ ಡಕೋಟಾದ ವಿಂಡ್ ಕೇವ್ ನ್ಯಾಷನಲ್ ಪಾರ್ಕಿನಲ್ಲಿ 1970ರ ದಶಕದಿಂದ ವರ್ಷಾನುಗಟ್ಟಲೆ ಕೂತು ನೋಡಿದ ವಿಜ್ಞಾನಿ ಜಾನ್ ಹೂಗ್ಲಂಡ್ ಬರೆಯುವುದು ಬೇರೆ: ವರ್ಷಕ್ಕೆ ಒಂದೇ ಸೂಲು, ಮೂರೋ ನಾಲ್ಕೋ ಮರಿ. ಮೇ ತಿಂಗಳ ಸುಮಾರಿಗೆ ಮರಿ ಹೊರಬರುತ್ತವೆ. ಅದಕ್ಕೇ ಕೊಲೊರಾಡೊ ಸಾರ್ವಜನಿಕ ಜಮೀನಿನಲ್ಲಿ ಮಾರ್ಚ್‌ನಿಂದ ಜೂನ್ ಮಧ್ಯದವರೆಗೆ ಹೊಡೆಯುವಂತಿಲ್ಲ. ಖಾಸಗಿ ಜಮೀನಿನಲ್ಲಿ ಕಪ್ಪು ಬಾಲದವಕ್ಕೆ ಆ ತಡೆ ಇಲ್ಲ. ಕಾನೂನು ಬಿಟ್ಟರೂ ತಾನು ಬಿಡಲ್ಲ ಅನ್ನುವವನು ಬೇಕು.

ಮೂರನೆಯದು, ಕಾಲೊನಿಗೆ ರಜೆ ಕೊಡ್ತಾನಾ. ವಯೋಮಿಂಗ್ ವಿಶ್ವವಿದ್ಯಾಲಯದ ಜೊನಾಥನ್ ಪೌಲಿ ಮತ್ತು ಸ್ಟೀವನ್ ಬಸ್ಕರ್ಕ್ ಗುಂಡಿನ ಬೇಟೆ ನಡೆದ ಕಾಲೊನಿಗಳನ್ನ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಬದುಕಿ ಉಳಿದವು ಮೇಯೋದು ಕಡಿಮೆ ಮಾಡಿ ಕಾವಲು ನಿಂತೇ ಕಾಲ ಕಳೆದವು, ಮುಂದಿನ ವರ್ಷ ಮರಿಗಳ ಸಂಖ್ಯೆ ತೀರಾ ಕುಸಿಯಿತು. ಅಂದ್ರೆ ಹೊಡೆದ ಲೆಕ್ಕ ಬೇರೆ, ಕಳೆದುಹೋದ ಲೆಕ್ಕ ಬೇರೆ. ದಿನಕ್ಕೆ ಇಷ್ಟು ನೂರು ಗ್ಯಾರಂಟಿ ಅನ್ನುವವನು ನಾಳೆಯ ಕಾಲೊನಿಯನ್ನ ಇವತ್ತೇ ಮಾರುತ್ತಿದ್ದಾನೆ.

ನಾಲ್ಕನೆಯದು, ಯಾವ ಗುಂಡು. ಅದೇ ಇಬ್ಬರು ಇನ್ನೊಂದನ್ನೂ ತೋರಿಸಿದರು. ಒಳಹೊಕ್ಕು ಅರಳುವ ಸೀಸದ ಗುಂಡು ಬಿದ್ದ ದೇಹದಲ್ಲಿ ಸೀಸದ ಚೂರು ಉಳಿಯುತ್ತೆ. ಬಯಲಲ್ಲಿ ಬಿಟ್ಟುಬಂದ ಆ ದೇಹವನ್ನ ಹದ್ದು, ಗಿಡುಗ ತಿನ್ನುತ್ತವೆ. ತಾಮ್ರದ ಗುಂಡಿಗೆ ದುಡ್ಡು ಜಾಸ್ತಿ, ಆದರೂ ಕೇಳಬೇಕು. ಜೊತೆಗೇ ಕೇಳಬೇಕಾದ್ದು ಗೂಬೆಯ ವಿಷಯ. ಪ್ರೇರಿ ಡಾಗ್ ಬಿಲದಲ್ಲಿ ಒಂದು ಸಣ್ಣ ಗೂಬೆ ಗೂಡು ಮಾಡುತ್ತೆ, ಹಗಲಲ್ಲೇ ಬಿಲದ ದಿಬ್ಬದ ಮೇಲೆ ನೆಟ್ಟಗೆ ನಿಂತಿರುತ್ತೆ. ದೂರದಿಂದ, ಹೊಸಬರ ಕಣ್ಣಿಗೆ, ಥೇಟ್ ಪ್ರೇರಿ ಡಾಗೇ. 1918ರ ವಲಸೆ ಹಕ್ಕಿ ಕಾಯ್ದೆ ಅದನ್ನ ರಕ್ಷಿಸುತ್ತೆ. ಪಕ್ಕದಲ್ಲಿ ಬೈನಾಕ್ಯುಲರ್ ಹಿಡಿದು 'ತಡಿ, ಅದು ಗೂಬೆ' ಅನ್ನುವವನು ಇಲ್ಲದಿದ್ದರೆ ಗೈಡ್‌ಗೆ ದುಡ್ಡು ಯಾಕೆ ಕೊಡಬೇಕು?

ಐದನೆಯದು ನಮ್ಮವರಿಗೇ ಸಂಬಂಧಪಟ್ಟದ್ದು, ದಯವಿಟ್ಟು ಎರಡು ಸಲ ಓದಿ. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳೋದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. 1998ರಲ್ಲಿ ಬಂದ ತಿದ್ದುಪಡಿ ಅದು. ಕೆಲವು ವಿನಾಯಿತಿ ಇವೆ. ಮುಖ್ಯವಾದದ್ದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಇರೋದು. ಈಗ ಸಿಕ್ಕು ನೋಡಿ: ಕೆಲವು ರಾಜ್ಯಗಳಲ್ಲಿ ಪ್ರೇರಿ ಡಾಗ್ ಹೊಡೆಯಲು ಲೈಸೆನ್ಸೇ ಬೇಡ. ಅಲ್ಲಿನ ಗೈಡ್ "ಏನೂ ಬೇಡ, ಬನ್ನಿ" ಅಂದರೆ ಅವನು ಸುಳ್ಳು ಹೇಳುತ್ತಿಲ್ಲ. ತನ್ನಂಥ ನಾಗರಿಕನ ಲೆಕ್ಕದಲ್ಲಿ ಹೇಳುತ್ತಿದ್ದಾನೆ. ಅವನ ಮಾತು ನಂಬಿ ಬಂದೂಕು ಕೈಗೆ ತೊಗೊಂಡರೆ ಹೋಗೋದು ನಿಮ್ಮ ವೀಸಾ, ನಿಮ್ಮ ಕೆಲಸ, ಹತ್ತು ವರ್ಷದಿಂದ ಕಾಯ್ತಿರೋ ಗ್ರೀನ್ ಕಾರ್ಡ್. ಲೈಸೆನ್ಸ್ ಮಾಡಿಸಿ, ವಲಸೆ ವಕೀಲರನ್ನ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ. ಕೊಲೊರಾಡೊದಲ್ಲಿ ಆ ಲೈಸೆನ್ಸಿಗೂ ಮೊದಲು ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಬೇಕು. 1949ರ ಜನವರಿ 1ರಿಂದ ಈಚೆಗೆ ಹುಟ್ಟಿದ ಎಲ್ಲರಿಗೂ ಇದೇ ನಿಯಮ.

ಆರನೆಯ ಪ್ರಶ್ನೆಗೆ ಬೆಂಗಳೂರಿನವರಿಗೆ ಗೊತ್ತಿರುವ ಒಂದು ಇತಿಹಾಸ ಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟರು. ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಭಯ ಇದೆ, ಪ್ಲೇಗ್ ಮಾರಮ್ಮನ ಗುಡಿಗಳ ಹಿಂದೆಯೂ ಇದೆ. ಹಾಂಗ್‌ಕಾಂಗ್‌ನಿಂದ ಮುಂಬೈಗೆ, ಅಲ್ಲಿಂದ ನಮ್ಮೂರಿಗೆ ಬಂದ ಅದೇ ಮಹಾಮಾರಿ ಹಡಗಿನ ಇಲಿಗಳ ಜೊತೆ 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿತು. ಇಲ್ಲಿ ಅದು ಹೋಯಿತು ಅಂತ ನಾವು ಮರೆತೆವು. ಅಲ್ಲಿ ಅದು ಕಾಡಿನ ಅಳಿಲು, ಹೆಗ್ಗಣಗಳಿಗೆ ದಾಟಿ ಪೂರ್ವಕ್ಕೆ ಹಬ್ಬುತ್ತಾ 1940ರ ದಶಕದಲ್ಲಿ ಕಪ್ಪು ಬಾಲದ ಪ್ರೇರಿ ಡಾಗ್‌ಗಳ ಬಯಲು ಸೇರಿತು. ಅವುಗಳಿಗೆ ಈ ರೋಗ ಎದುರಿಸುವ ಶಕ್ತಿ ಇಲ್ಲ. ಒಂದು ಕಾಲೊನಿಗೆ ಹೊಕ್ಕರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಾಯುತ್ತವೆ. ಹರಡೋದು ಚಿಗಟದಿಂದ.

ಹಾಗಾಗಿ ಆರನೆಯ ಪ್ರಶ್ನೆ: ನಿಮ್ಮ ಕಾಲೊನಿಗಳಲ್ಲಿ ಪ್ಲೇಗ್ ಇದೆಯಾ, ಹೇಗೆ ಗೊತ್ತು ಮಾಡ್ಕೋತೀರ? ಕಳೆದ ವಾರ ಗಲಗಲ ಅನ್ನುತ್ತಿದ್ದ ಬಯಲು ಇದ್ದಕ್ಕಿದ್ದ ಹಾಗೆ ಮೌನವಾದರೆ ಒಳ್ಳೆಯ ಗೈಡ್ ಗಾಡಿ ತಿರುಗಿಸಿ ಆರೋಗ್ಯ ಇಲಾಖೆಗೆ ಫೋನ್ ಮಾಡುತ್ತಾನೆ. ಸತ್ತದ್ದನ್ನ ಬರಿಗೈಯಲ್ಲಿ ಮುಟ್ಟಬೇಡಿ, ಬಿಲದೊಳಗೆ ಕೈ ಹಾಕಬೇಡಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ, ನಾಯಿ ತರಬೇಡಿ ಅಂತ ತಾನೇ ಹೇಳುತ್ತಾನೆ. ಇದಕ್ಕೆ ಇವತ್ತು ಆಂಟಿಬಯೋಟಿಕ್ ಇದೆ. ಆದರೆ ಪ್ಲೇಗ್ ಇರಬಹುದು ಅಂತ ಡಾಕ್ಟರಿಗೆ ಹೊಳೆಯಬೇಕಲ್ಲ, ಅದಕ್ಕೆ ಎಲ್ಲಿಗೆ ಹೋಗಿದ್ದೆ ಅಂತ ನೀವು ಹೇಳಬೇಕು.

ಪಟ್ಟಿ ಹಿಡಿದು ತಮ್ಮ ಮೂರು ಜನಕ್ಕೆ ಫೋನ್ ಮಾಡಿದ. ಒಬ್ಬ ಹೇಳಿದ್ದು: "ಮೇ ತಿಂಗಳಲ್ಲಿ ಬನ್ನಿ. ಮರಿಗಳು ಹೊರಗೆ ಇರ್ತವೆ, ಹೆದರಿಕೆ ಗೊತ್ತಿಲ್ಲ, ಹೊಸಬರಿಗೆ ಸುಲಭ." ಎರಡನೆಯವನು ಒಳ್ಳೆಯ ಮನುಷ್ಯ, ಮಾತು ಸಲೀಸು, ಲೈಸೆನ್ಸ್ ಕೇಳಿದರೆ "ಇಲ್ಲಿ ಯಾರೂ ಕೇಳಲ್ಲ" ಅಂದ. ಮೂರನೆಯವನು ತಾನೇ ಪ್ರಶ್ನೆ ಕೇಳಲು ಶುರು ಮಾಡಿದ. ಬಂದೂಕು ಹಿಡಿದಿದ್ದೀಯಾ, ಯಾವ ವೀಸಾ, ಎಷ್ಟು ಜನ, ಕುಡಿಯುವವರು ಇದ್ದಾರಾ. ಮೊದಲ ಅರ್ಧ ದಿನ ಕಾಗದದ ಗುರಿಗೇ ಹೊಡೀಬೇಕು. ಗುರಿಯ ಹಿಂದೆ ಮಣ್ಣಿನ ಏರಿ ಇಲ್ಲದ ಕಡೆ ಹೊಡೆಯೋ ಹಾಗಿಲ್ಲ, ಕಲ್ಲಿಗೆ ಬಡಿದ ಗುಂಡು ಎಲ್ಲಿಗೆ ಹಾರುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಜೂನ್ ಮಧ್ಯಕ್ಕಿಂತ ಮೊದಲು ಬುಕಿಂಗ್ ಇಲ್ಲ. ಒಂದು ಕಾಲೊನಿಗೆ ಈ ವರ್ಷ ಯಾರನ್ನೂ ಬಿಡ್ತಿಲ್ಲ.

"ಮೂರನೆಯವ್ನು ಹೆಡ್ಮಾಸ್ಟರ್ ಥರ ಆಡ್ತಾನೆ ಅಣ್ಣಾ," ಅಂದ ತಮ್ಮ.

"ಹೋಗೋದೇ ಆದ್ರೆ ಆ ಹೆಡ್ಮಾಸ್ಟರ್ ಜೊತೆನೇ ಹೋಗು," ಅಂದೆ. ಅವನು ರಾಜ್ಯದಲ್ಲಿ ನೋಂದಾಯಿಸಿಕೊಂಡಿದ್ದಾನಾ, ವಿಮೆ ಇದೆಯಾ, ಅಡ್ವಾನ್ಸ್ ವಾಪಸ್ ಬರುತ್ತಾ ಅನ್ನೋದನ್ನ ಬರವಣಿಗೆಯಲ್ಲಿ ತೊಗೊ ಅಂತಲೂ ಹೇಳಿದೆ. ಹೋಗಲೇಬೇಡ ಅಂತ ನಾನು ಹೇಳಲಿಲ್ಲ. ನನ್ನನ್ನ ಕರೆದಿದ್ದರೆ ಬೈನಾಕ್ಯುಲರ್ ಸಾಕು ಅಂತಿದ್ದೆ. ಅವನು ಕೇಳಿದ್ದು ನನ್ನ ಇಷ್ಟವನ್ನಲ್ಲ, ಗೈಡ್ ಆರಿಸೋದು ಹೇಗೆ ಅಂತ.

ಒಂದು ಕಥೆ ಮಾತ್ರ ಅವನಿಗೆ ಹೇಳದೆ ಬಿಡಲಾಗಲಿಲ್ಲ. ಪ್ರೇರಿ ಡಾಗ್‌ಗಳನ್ನೇ ತಿಂದು, ಅವುಗಳ ಬಿಲದಲ್ಲೇ ಬದುಕುವ ಪ್ರಾಣಿ ಒಂದಿದೆ, ಕಪ್ಪು ಕಾಲಿನ ಫೆರೆಟ್. ನೋಡಲು ನಮ್ಮ ಮುಂಗುಸಿಯ ಹಾಗೆ ಉದ್ದ ಮೈ. ಪ್ರೇರಿ ಡಾಗ್‌ಗೆ ಹಾಕಿದ ವಿಷ ಇದರ ಹೊಟ್ಟೆಗೂ ಹೊಡೆಯಿತು. ಸಾಕಿದ್ದ ಕೊನೆಯದು 1979ರಲ್ಲಿ ಸತ್ತಾಗ, ಮುಗೀತು ಅಂತ ಎಲ್ಲರೂ ಅಂದುಕೊಂಡರು.

1981ರ ಸೆಪ್ಟೆಂಬರ್‌ನಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಅನ್ನುವ ಊರಿನ ಹತ್ತಿರ, ಹಾಗ್ ದಂಪತಿಯ ರ‍್ಯಾಂಚಿನಲ್ಲಿ, ಶೆಪ್ ಅನ್ನೋ ನಾಯಿ ರಾತ್ರಿ ಏನನ್ನೋ ಕೊಂದು ಬಾಗಿಲಿಗೆ ತಂದು ಹಾಕಿತು. ಯಜಮಾನ ಎತ್ತಿ ಬಿಸಾಕಿದ. ಹೆಂಡತಿಗೆ ಅದು ಚೆಂದ ಕಂಡಿತು, ತುಂಬಿಸಿ ಇಟ್ಟುಕೊಳ್ಳೋಣ ಅಂತ ಊರಿನ ಟ್ಯಾಕ್ಸಿಡರ್ಮಿಸ್ಟ್ ಹತ್ತಿರ ತೊಗೊಂಡು ಹೋದರು. ಮೈಸೂರಿನ ವಾನ್ ಇಂಗೆನ್ ಮನೆತನದವರು ಹುಲಿ ಚಿರತೆಗಳಿಗೆ ಮಾಡುತ್ತಿದ್ದ ಕೆಲಸ ಅದು. ಬೇಟೆಗಾರರಿಂದಲೇ ನಡೆಯುವ ಕಸುಬು. ಆ ಟ್ಯಾಕ್ಸಿಡರ್ಮಿಸ್ಟ್ ಪ್ರಾಣಿಯನ್ನ ನೋಡಿದ, ಗುರುತು ಹಿಡಿದ. ತುಂಬಿಸಿ ಕೊಟ್ಟು ದುಡ್ಡು ತೊಗೊಳ್ಳಬಹುದಿತ್ತು. ಇದು ಹಾಗೆಲ್ಲ ಇಟ್ಟುಕೊಳ್ಳುವ ಪ್ರಾಣಿ ಅಲ್ಲ ಅಂತ ಹೇಳಿ, ಅಧಿಕಾರಿಗಳಿಗೆ ಫೋನ್ ಮಾಡಿಸಿದ.

ಸುತ್ತಲಿನ ಪ್ರೇರಿ ಡಾಗ್ ಬಿಲಗಳಲ್ಲಿ ಹುಡುಕಿದಾಗ ಫೆರೆಟ್‌ಗಳು ಸಿಕ್ಕವು. ಮಧ್ಯೆ ರೋಗ ಬಂದು, 1987ರ ಹೊತ್ತಿಗೆ ಹಿಡಿದು ತಂದು ಉಳಿಸಿಕೊಂಡದ್ದು ಕೇವಲ ಹದಿನೆಂಟು. 1991ರಿಂದ ಅವುಗಳ ಮರಿಗಳನ್ನ ಮತ್ತೆ ಬಯಲಿಗೆ ಬಿಡುತ್ತಿದ್ದಾರೆ. ಹಾಗೆ ಬಿಟ್ಟ ಜಾಗಗಳಲ್ಲಿ ಸೌತ್ ಡಕೋಟಾದ ಕೊನಾಟಾ ಬೇಸಿನ್ ಒಂದು. ಅಲ್ಲಿ ಪ್ರೇರಿ ಡಾಗ್ ಹೊಡೆಯೋದಕ್ಕೆ ನಿರ್ಬಂಧ ಇದೆ. ಆ ಬಯಲಿನ ಹೆಸರು ಹೇಳಿ ನಿಮ್ಮ ಗೈಡ್‌ನ ಕೇಳಿ ನೋಡಿ. "ಅಲ್ಲಿಗೆ ನಾನು ಕರ್ಕೊಂಡ್ ಹೋಗಲ್ಲ" ಅಂತ ಕಾರಣ ಸಮೇತ ಹೇಳಿದರೆ, ಅಡ್ವಾನ್ಸ್ ಕೊಡಬಹುದು.